ಸಾಹೇಬರು ನೋಡಿದ್ದಾರೆ
ಕಚೇರಿಯ ಗುಮಾಸ್ತ ಚಿಕ್ಕವೆಂಕಟಪ್ಪನಿಗೆ ಯಾರಾದರೂ ಊರಿನ ತೊಂದರೆಯನ್ನು ಬಾಯಲ್ಲಿ ಹೇಳಿದರೋ, ಕೆಟ್ಟರು. "ಬರ್ದು ಕೊಡ್ರಯ್ಯಾ! ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ" ಎಂದು ಮೇಜು ಗುದ್ದಿದರೆ ಎದುರಿನ ಕಾಫಿ ಕ್ಲಬ್ಬಿನ ಲೋಟಗಳು ನಡುಗುತ್ತಿದ್ದವು. ಬರೆಯಲು ಬಾರದವರಿಗೆ ಬೈಯುತ್ತಲೇ ತಾನೇ ಬರೆದುಕೊಡುತ್ತಿದ್ದ. ಹಳ್ಳಿಹಳ್ಳಿಯ ಅರ್ಜಿಗಳನ್ನೆಲ್ಲ ಸೇರಿಸಿ, ಮುತ್ತಿನಂಥ ಅಕ್ಷರದಲ್ಲಿ ವರದಿ ಮಾಡಿ ಸಾಹೇಬರಿಗೆ ಕಳಿಸುತ್ತಿದ್ದ. ಆದರೆ ಹೊಸ ಬಾವಿ ಯಾವ ಊರಿಗೆ ಎಂಬುದು ಕಂಟ್ರಾಕ್ಟರನ ಜೊತೆ ಸಾಹೇಬರು ಕಾಫಿ ಕುಡಿಯುವಾಗಲೇ ತೀರ್ಮಾನವಾಗಿಬಿಡುತ್ತಿತ್ತು. ವರದಿ ಮಾತ್ರ "ನೋಡಿದೆ" ಎಂಬ ಹಸಿರು ಶಾಯಿಯ ರುಜು ಹೊತ್ತು ವಾಪಸು ಬರುತ್ತಿತ್ತು. "ನೋಡೋಕೆ ಇದೇನು ಮದ್ವೆ ಹೆಣ್ಣಾ? ಓದೋಕೇನು ರೋಗ ಇವರಿಗೆ!" ಎಂದು ಜವಾನನ ಮೇಲೆ ಹರಿಹಾಯುತ್ತಿದ್ದ. ಒಂದು ಸಲ ಪರೀಕ್ಷೆ ಮಾಡಿಯೇಬಿಡೋಣವೆಂದು ಸಾಸಲು ಎಂಬ ಹಳ್ಳಿಯ ಬಾವಿನೀರಿನ ವರದಿಯ ನಡುವೆ "ಕಚೇರಿಗೆ ಬೆಂಕಿ ಬಿದ್ದಿದೆ" ಎಂದು ಸೇರಿಸಿದ. ಅದೂ "ನೋಡಿದೆ" ಎಂದೇ ಬಂತು. ಅವತ್ತು ಅವನು ಕೂಗಾಡಲಿಲ್ಲ. ಬೆಂಕಿಯ ಮಾತಿನ ಕೆಳಗಿದ್ದ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ: "ಈ ನೀರು ಕುಡಿದು ನಾಲ್ಕು ಮಕ್ಕಳು ಸತ್ತಿವೆ." ಆಮೇಲೆ ಹೊಸ ಹಾಳೆ ತೆಗೆದು ಅದೊಂದೇ ಸಾಲನ್ನು ದಪ್ಪಕ್ಷರದಲ್ಲಿ ಮತ್ತೆ ಬರೆದ. ಅಷ್ಟರಲ್ಲಿ ಸತ್ತ ಮಕ್ಕಳ ಲೆಕ್ಕ ನಾಲ್ಕು ಹೋಗಿ ಐದಾಗಿತ್ತು.