ಅವ್ವ ಎಸೆದ ಹೆಂಟೆಗಳು

…‘ನಮ್ಮವ್ವ ನನಗ ಹೆಂಟಿಲೆ ಹೊಡೀತಿದ್ಳು’ ಎಂದೋ ಏನೋ ಅಜ್ಜಿ ಕಥೆ ಶುರು ಮಾಡುತ್ತಿದ್ದಳು, ತೊಗರಿ ಹಸನು ಮಾಡುತ್ತಾ. ಇವತ್ತು ತಾಂಡೂರಿನ ಹತ್ತಿರ ರೈಲಿನ ಕಿಟಕಿಯಲ್ಲಿ ಉತ್ತ ಹೊಲ ಕಂಡಾಗ ಅದು ನೆನಪಾಯಿತು.

ನಿಜಾಮರ ಕಾಲ. ಪ್ಲೇಗು ತಗುಲಿದ ಅವಳ ಅವ್ವ ಹೊಲದ ಗುಡಿಸಲಿನಲ್ಲಿ ಒಬ್ಬಳೇ ಇದ್ದಳಂತೆ. ಮಗಳು ಬದು ದಾಟಿದರೆ ಸಾಕು, ‘ಸನೇಕ ಬರಬ್ಯಾಡ, ಹೋಗು!’ ಎಂದು ಮಣ್ಣಿನ ಹೆಂಟೆ ಎಸೆಯುತ್ತಿದ್ದಳು.

‘ಪೆಟ್ಟು ಬೀಳ್ತಿತ್ತೇನಬೇ?’

‘ಒಂದೂ ಬೀಳಲಿಲ್ಲೋ. ಕವಣಿಲೆ ಹಾರೋ ಹಕ್ಕಿ ಕೆಡವಾಕಿ ಆಕಿ!’

ನಾವು ನಗುತ್ತಿದ್ದೆವು.

ಒಂದು ಮುಂಜಾನೆ ಹೆಂಟೆ ಬರಲಿಲ್ಲ. ಅವ್ವನ ಸಿಟ್ಟು ಇಳಿದಿದೆ ಎಂದುಕೊಂಡು ಹುಡುಗಿ ಓಡಿದಳು. ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಹೊಲ ಹಿಂದೆ ಸರಿಯಿತು. ಅಜ್ಜಿ, ನೀನು ಗುಡಿಸಲಿನ ಬಾಗಿಲಲ್ಲಿ ನಿಂತು ಅವ್ವನನ್ನು ಎಷ್ಟು ಹೊತ್ತು ಕರೆದೆ?