ಬೇವಿನ ಅಚ್ಚು, ಮಾವಿನ ಅಚ್ಚು

ಚಿಕ್ಕ ಹುಡುಗಿಯಾಗಿದ್ದಾಗ ನಾನು ಮಾಡಿದ ಮೊದಲ ಮರಗೆಲಸಕ್ಕೆ ತೆತ್ತ ಬೆಲೆ ಇಷ್ಟು: ನಾಲ್ಕು ಬೆಳಗಿನ ಚಾಕರಿ, ಎಡಗೈ ಹೆಬ್ಬೆರಳಿನ ಉಗುರು, ಹದಿನಾರು ಬಿಲ್ಲೆ ಬೆಲ್ಲ. ಅಷ್ಟು ದುಬಾರಿಯಾಗಲು ಕಾರಣ, ಮರ ಬಿಟ್ಟಿ ಸಿಕ್ಕಿದ್ದು. ಇವತ್ತು ಗೆಜ್ಜಲಗೆರೆಯ ಕಾರ್ಖಾನೆಗಳಿಗೆ ಮರದ ಪೆಟ್ಟಿಗೆ ಮಾಡಿಸಿಕೊಡುವ ನಾನು, ಯಾರಾದರೂ ಬಿಟ್ಟಿ ಅಂದರೆ ಮೊದಲು ಮೂಸಿ ನೋಡುತ್ತೇನೆ.

ಆಗ ನನಗೆ ಹತ್ತು ವರ್ಷ, ತಮ್ಮ ಮಾದನಿಗೆ ಆರು. ಕೊಪ್ಪದ ನಮ್ಮ ಮನೆಯ ಹಿಂದೆಯೇ ಬೋರೇಗೌಡರ ಆಲೆಮನೆ. ಊರ ಮಕ್ಕಳಿಗೆಲ್ಲ ಅವರು ದೊಡ್ಡಪ್ಪ. ಮಾಗಿಯ ಚಳಿಯಲ್ಲಿ ಕೊಪ್ಪರಿಗೆ ಕುದಿಯಲು ಶುರುವಾದರೆ ಬೀದಿಯೆಲ್ಲ ಪಾಕದ ವಾಸನೆ. ಕಬ್ಬಿನ ತುದಿಗೆ ಬಿಸಿ ಪಾಕ ಸುತ್ತಿಸಿಕೊಂಡು, ಊದಿ ಊದಿ ನೆಕ್ಕುತ್ತ, ಸಿಪ್ಪೆಯ ರಾಶಿಯ ಮೇಲಿಂದ ಜಾರುವುದೇ ನಮ್ಮ ಆಟ.

ಆ ಆಲೆಮನೆಗೆ ಬೆಲ್ಲ ಹುಯ್ಯುವ ಮರದ ಅಚ್ಚುಗಳನ್ನು ಮಾಡಿಕೊಡುತ್ತಿದ್ದವರು ಊರ ಬಡಗಿ, ಆಚಾರಿ ತಾತ. ಬೇರೆ ಕೆಲಸಗಳೆಲ್ಲ ಕೈಬಿಟ್ಟು ಹೋಗಿ ಅವರಿಗೆ ಉಳಿದಿದ್ದು ಅದೊಂದೇ. ಆ ವರ್ಷ ಅವರ ಬಲಗೈ ನಡುಗತೊಡಗಿತು. ದೊಡ್ಡಪ್ಪ ಮದ್ದೂರಿನಿಂದ ಅಚ್ಚು ತರಿಸಲು ಹೊರಟರು.

"ನಿನ್ ಕೈ ನಿಲ್ಲಾಕಿಲ್ಲ ಕಣಪ್ಪ ಆಚಾರಿ. ಏನ್ಮಾಡಾದು?"

ತಾತ ಕೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡರು. ನನಗೆ ಅದನ್ನು ನೋಡಿಕೊಂಡು ನಿಲ್ಲಲು ಆಗಲಿಲ್ಲ.

"ಕೈ ನಮ್ದು, ತಲೆ ತಾತಂದು. ನಾವ್ ಮಾಡ್ತೀವಿ ದೊಡ್ಡಪ್ಪ," ಎಂದೆ.

"ನೀವಾ? ನಿನ್ ತಮ್ಮಂಗೆ ಮೂಗ್ ಒರಸ್ಕೊಳಾಕ್ ಬರಾಕಿಲ್ಲ."

"ಮೂಗಲ್ಲೇನ್ ಅಚ್ಚು ಮಾಡ್ತಾನಾ?"

ಒಲೆಗೆ ಸಿಪ್ಪೆ ಹಾಕುತ್ತಿದ್ದವರೂ ನಕ್ಕರು. ದೊಡ್ಡಪ್ಪ ಮೀಸೆ ಸವರಿಕೊಂಡರು. "ಆಯ್ತು ಕಣಮ್ಮಿ. ಒಂದ್ ಅಚ್ಚು ಮಾಡಿ ತೋರ್ಸಿ. ಬೆಲ್ಲ ಸರ್ಯಾಗ್ ಬಂದ್ರೆ ಈ ಸಲಕ್ ಬೇಕಾದ ಮಿಕ್ಕಿದ್ ಹತ್ತ್ ಅಚ್ಚಿನ್ ಕೆಲ್ಸಾನೂ ಆಚಾರಿಗೇ. ಮರ ಮಾತ್ರ ನಿಮ್ದು."

"ಮರ ನಮ್ದಾದ್ರೆ ಎಲ್ಡ್ ಸಲ ಅವಕಾಸ ಕೊಡ್ಬೇಕು."

"ಇವ್ಳು ಸಂತೇಲಿ ಎಮ್ಮೆ ಮಾರೋಳು ಕಣ್ರಲಾ," ಎಂದು ಒಪ್ಪಿಕೊಂಡರು.

ಪಕ್ಕದ ಮನೆಯವರು ಬೇವಿನ ಮರ ಕೆಡವಿದ್ದರು. ಹಲಗೆಗಳನ್ನು ಕೇಳಿದ ತಕ್ಷಣ ಬಿಟ್ಟಿಯಾಗಿ ಕೊಟ್ಟುಬಿಟ್ಟರು. ನಾನು ಗೆದ್ದೆನೆಂದುಕೊಂಡೆ. ತಾತ ಆ ಹಲಗೆಯನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿ, ಗರಗಸ ಕೈಗೆ ಕೊಟ್ಟರು. ಉದ್ದ ಪಟ್ಟಿ, ಅಡ್ಡ ಪಟ್ಟಿಗಳಲ್ಲಿ ಅರ್ಧ ಆಳಕ್ಕೆ ಕಚ್ಚು ಕೊರೆದು ಒಂದರೊಳಗೊಂದು ಕೂರಿಸಿದರೆ ಚೌಕಾಬಾರದ ಹಾಗೆ ಮನೆಗಳಾಗುತ್ತವೆ. ಬೆಲ್ಲ ಗಟ್ಟಿಯಾದ ಮೇಲೆ ಪಟ್ಟಿಗಳನ್ನು ಬಿಡಿಸಿದರೆ ಬಿಲ್ಲೆ ಮುರಿಯದೆ ಬರುತ್ತದೆ. ಹಲಗೆ ಅಲ್ಲಾಡದ ಹಾಗೆ ಅದರ ಮೇಲೆ ಕೂರುವುದು ಮಾದನ ಕೆಲಸ.

"ಒತ್ಬ್ಯಾಡ ಅಮ್ಮಿ. ಗರಗಸಕ್ಕೆ ಹಲ್ಲ್ ಅವೆ, ಅದೇ ತಿನ್ಕೋತದೆ. ಗೆರೆ ಪಕ್ಕ ಕುಯ್ಯಿ, ಗೆರೆ ಉಳೀಬೇಕು," ಎನ್ನುತ್ತಿದ್ದರು ತಾತ.

ಅಚ್ಚು ಆಯಿತು. ಬೆಲ್ಲ ಹುಯ್ದರು. ಹದಿನಾರು ಬಿಲ್ಲೆಗಳೂ ಚಿನ್ನದ ಹಾಗೆ ಎದ್ದು ಬಂದವು. ದೊಡ್ಡಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿ ಉಗಿದರು.

"ಯುಗಾದಿ ಇಷ್ಟ್ ಬೇಗ ಬಂದ್ಬುಡ್ತೇನ್ಲಾ?"

ಬಿಸಿ ಪಾಕಕ್ಕೆ ಬೇವಿನ ಕಹಿ ಇಳಿದಿತ್ತು. ಆಲೆಮನೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ನೇರ ತಾತನ ಹತ್ತಿರ ಹೋದೆ.

"ನಿಂಗೆ ಗೊತ್ತಿತ್ತಾ ತಾತ?"

"ಆಚಾರಿಗೆ ಬೇವು ಗೊತ್ತಾಗಾಕಿಲ್ವಾ?"

"ಮತ್ತೆ ಯೋಳ್ಬಾರ್ದಾಗಿತ್ತಾ?"

"ಎಲ್ಡ್ ಸಲ ಅಂತ ನೀನೇ ಕೇಳ್ದಲ್ಲವ್ವ. ಒಂದ್ ಸಲ ಕಲಿಯಾಕೆ, ಒಂದ್ ಸಲ ಗೆಲ್ಲಾಕೆ."

ಪಾಕಕ್ಕೆ ಕಹಿ ಬಿಡದ, ಒಣಗಿದ ಮಾವಿನ ಹಲಗೆ ಇದ್ದದ್ದು ದೊಡ್ಡಪ್ಪನ ಅಟ್ಟದಲ್ಲೇ. ಶಾಲೆಗೆ ಮುಂಚೆ ನಾಲ್ಕು ಬೆಳಗ್ಗೆ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡುವುದೆಂದು ಮಾತಾಡಿ ಅದನ್ನು ಇಳಿಸಿಕೊಂಡೆ. ಎರಡನೆಯ ಸಲ ಗೆರೆ ಗೆರೆಯೂ ಉಳಿಯಿತು. ಆತುರದಲ್ಲಿ ಬೀಸಿದ ಮರದ ಕೊಡತಿ ಉಳಿಯ ಮೇಲೆ ಬೀಳದೆ ಹೆಬ್ಬೆರಳಿನ ಮೇಲೆ ಬಿತ್ತು. ತಾತ ಚಿಂದಿ ಬಟ್ಟೆ ಕಟ್ಟಿ, "ಇನ್ನೊಂದ್ ಕಚ್ಚು ಬಾಕಿ ಅದೆ," ಎಂದರು ಅಷ್ಟೇ.

ಅಚ್ಚನ್ನು ನೀರಿನಲ್ಲಿ ನೆನೆಸಿ, ಬೆಲ್ಲ ಹುಯ್ದು ಕಾದೆವು. ಪಟ್ಟಿ ಬಿಡಿಸುವಾಗ ಮಾದ ಕಣ್ಣು ಮುಚ್ಚಿಕೊಂಡಿದ್ದ. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ದೊಡ್ಡಪ್ಪ ಚೂರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚೀಪಿದರು. ಇನ್ನೊಂದು ಚೂರು ಮುರಿದುಕೊಂಡರು. ಆಮೇಲೆ ತಾತನ ಕಡೆ ತಿರುಗಿದರು.

"ಆಚಾರ್ರೇ, ಮಿಕ್ಕಿದ್ ಹತ್ತು ಯಾವಾಗ್ ಕೊಡ್ತೀರಿ?"

ಟವೆಲ್ಲಿನೊಳಗಿದ್ದ ಕೈ ಹೊರಗೆ ಬಂತು. ಅದು ನಡುಗುತ್ತಲೇ ನನ್ನನ್ನು ತೋರಿಸಿತು. "ಆ ಯಮ್ಮನ್ನ ಕೇಳಿ."

"ಈ ಸಲ ಮರ ನಿಮ್ದು ದೊಡ್ಡಪ್ಪ," ಎಂದೆ.

ಆ ಚಳಿಗಾಲ ಮುಗಿಯುವಷ್ಟರಲ್ಲಿ ಹತ್ತೂ ಅಚ್ಚು ಕೊಟ್ಟೆವು. ಈಗ ತಾತನೂ ಇಲ್ಲ, ಆ ಮರದ ಅಚ್ಚುಗಳೂ ಇಲ್ಲ. ಹೋಗಲಿ, ವಸ್ತು ಸವೆಯುತ್ತದೆ. ಆದರೆ ಮಗು ಕಣ್ಣೆದುರು ಕೆಲಸ ಕೆಡಿಸುತ್ತಿದ್ದರೂ, ತಮ್ಮ ಅನ್ನವೇ ಅದರ ಮೇಲೆ ನಿಂತಿದ್ದರೂ, ಬಾಯಿ ಬಿಡದೆ ಕೂರುವ ದೊಡ್ಡವರು ಎಲ್ಲಿ ಹೋದರು? ನಾನೇ ನನ್ನ ಮೊಮ್ಮಗಳ ಕೈಯಿಂದ ಎಷ್ಟೋ ಸಲ ಗರಗಸ ಕಿತ್ತುಕೊಂಡಿದ್ದೇನೆ.

ಅದಕ್ಕೇ ಹೇಳುತ್ತೇನೆ, ಕೇಳಿ. ಮಕ್ಕಳಿಂದ ಆಟಿಕೆ ಮಾಡಿಸಬೇಡಿ. ಅಜ್ಜಿ ಕೂರುವ ಮಣೆಯೋ ಅಡುಗೆಮನೆಯ ಗೂಡೋ, ಯಾರಿಗಾದರೂ ಬೇಕಾದದ್ದನ್ನೇ ಮಾಡಿಸಿ. ಗರಗಸ ಚಿಕ್ಕದಿರಲಿ, ಹರಿತವಿರಲಿ; ಮೊಂಡಾದದ್ದೇ ಜಾರಿ ಬೆರಳು ಕೊಯ್ಯುವುದು. ಹಲಗೆಯನ್ನು ಬಿಗಿಯಾಗಿ ಕಟ್ಟಿಕೊಟ್ಟು ನೀವು ಕೈ ಕಟ್ಟಿಕೊಂಡು ಕೂರಿ. ಮರದ ಅಂಗಡಿಗೆ ಹೋದಾಗ ಚೌಕಾಸಿಗೆ ಮಗುವನ್ನೇ ಮುಂದೆ ಬಿಡಿ. ನೀವು ಬಾಗಿಲ ಹೊರಗೆ ನಿಲ್ಲಿ.