ಭಾವ ಕಾಲು ಊರಿರಲಿಲ್ಲ

ಆ ಭಾನುವಾರ ಬೆಳಿಗ್ಗೆ ಖಾರ್‌ಘರ್ ಗುಡ್ಡದ ತುದಿಯಲ್ಲಿ ನಾವು ಮೂವರಿದ್ದೆವು — ಠಾಣೆ ಊರಿನಲ್ಲಿ ಸೈಕಲ್ ಗುಂಪು ನಡೆಸುತ್ತಿದ್ದ ಕುಲಕರ್ಣಿ ಕಾಕಾ, ನನ್ನ ಅಕ್ಕನ ಗಂಡ ಸುಧಾಕರ ಭಾವ, ಮತ್ತು ನಾನು. ಅಲ್ಲಿ ನಾನೊಂದು ಸುಳ್ಳು ಹೇಳಿದೆ. ಭಾವ ಎಲ್ಲಿಯೂ ಕಾಲು ಊರದೆ ಸೈಕಲ್‌ನಲ್ಲಿ ಇಡೀ ಗುಡ್ಡ ಹತ್ತಿದ್ದರು. ಊರಿದರು ಎಂದು ನಾನು ಹೇಳಿದೆ. ಒಂದೇ ಮಾತು. ಅದನ್ನು ವಾಪಸು ತೆಗೆದುಕೊಳ್ಳಲು ಹತ್ತು ವರ್ಷ ಹಿಡಿಯಿತಲ್ಲ ಎಂದು ಈಗ ಯೋಚಿಸಿದರೆ...

ಭಾವನದು ವಾಶಿಯಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು. ಬೆಳಿಗ್ಗೆ ಗಲ್ಲಾದ ಹಿಂದೆ ನಿಂತರೆ ರಾತ್ರಿಯೇ ಕೂರುವುದು. ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ವ್ಯಾಯಾಮ ಮಾಡಿ ಅಂದರು; ಭಾವ ಗೇರಿಲ್ಲದ ಒಂದು ಹಳೆಯ ಸೈಕಲ್ ಹಿಡಿದರು. ಡೊಂಬಿವಲಿಯ ನನ್ನ ಹತ್ತಿರ ಆಗಲೇ ಗೇರಿನ ಹೊಸ ಸೈಕಲ್ಲಿತ್ತು, ಅದರ ಜಂಬವೂ ಇತ್ತು. ಅವರನ್ನು ಕಾಕಾನ ಗುಂಪಿಗೆ ಸೇರಿಸಿದವನು ನಾನೇ.

ಪ್ರತಿ ವರ್ಷ ಜನವರಿಯಲ್ಲಿ ಕಾಕಾ ಗುಂಪನ್ನು ಮಾಳ್ಶೇಜ್ ಘಟ್ಟ ಹತ್ತಿಸಲು ಕರೆದೊಯ್ಯುತ್ತಿದ್ದರು. ಲಾರಿಗಳ ನಡುವೆ ಏರಿನಲ್ಲಿ ತಟ್ಟನೆ ನಿಂತವನು ಹಿಂದಿನವನನ್ನೂ ಬೀಳಿಸುತ್ತಾನೆ ಎಂಬುದು ಅವರ ಭಯ. ಆದ್ದರಿಂದ, ಮೊದಲು ಖಾರ್‌ಘರ್ ಗುಡ್ಡವನ್ನು ಕಾಲು ಊರದೆ ಹತ್ತಿ ತೋರಿಸಬೇಕು. ಇಬ್ಬಿಬ್ಬರಾಗಿ ಕಳಿಸುತ್ತಿದ್ದರು. ತುದಿಯಲ್ಲಿ ನಿಂತು ಒಬ್ಬನ ಬಗ್ಗೆ ಇನ್ನೊಬ್ಬನನ್ನು ಕೇಳುತ್ತಿದ್ದರು. ತನ್ನ ಬಗ್ಗೆ ತಾನು ಬಾಯಿ ಬಿಡುವಂತಿಲ್ಲ. ಜೊತೆಗಾರ ಹೇಳಿದ್ದೇ ಕೊನೆ. ಸುಳ್ಳು ಹೇಳುವವರೂ ಇರಬಹುದು ಎಂದು ಆ ಮನುಷ್ಯನಿಗೆ ಹೊಳೆದಿರಲೇ ಇಲ್ಲವೋ ಏನೋ.

ಭಾವ ಆ ಸಲ ಎಷ್ಟು ಹುರುಪಿನಲ್ಲಿದ್ದರೆಂದರೆ, ಹೋಟೆಲಿಗೆ ರಜೆ ಎಂದು ಬೋರ್ಡು ಬರೆಸಿ ಆಗಲೇ ತೂಗುಹಾಕಿದ್ದರು. ದೋಸೆ ತಿನ್ನಲು ಬಂದವರಿಗೆಲ್ಲ ಮಾಳ್ಶೇಜ್‌ನ ವರ್ಣನೆ. ಅಕ್ಕನ ತಮಾಷೆ ಏನೆಂದರೆ, ಮದುವೆಗೂ ಈ ಮನುಷ್ಯ ಇಷ್ಟು ತಯಾರಿ ಮಾಡಿರಲಿಲ್ಲ.

ಕೊನೆಯ ಕಡಿದಾದ ತಿರುವಿನಲ್ಲಿ ನನ್ನ ಉಸಿರು ಕಟ್ಟಿತು. ಕಾಲು ತಾನಾಗಿಯೇ ನೆಲಕ್ಕೆ ಬಂತು. ಮುಂದೆ ಭಾವ ಪೆಡಲ್ ಮೇಲೆ ಎದ್ದು ನಿಂತು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಲಾಡುತ್ತ ಹತ್ತುತ್ತಲೇ ಇದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಅವರು ನನ್ನನ್ನು ನೋಡಿದರೋ ಇಲ್ಲವೋ — ನನಗೆ ಅದೊಂದೇ ಚಿಂತೆ. ನಾನು ಮತ್ತೆ ಸೈಕಲ್ ಹತ್ತಿ ತುದಿ ಮುಟ್ಟಿದೆ.

ಕಾಕಾ ಮೊದಲು ಕೇಳಿದ್ದು ನನ್ನನ್ನು, ಮರಾಠಿಯಲ್ಲಿ: ಸುಧಾಕರ ಕಾಲು ಊರಿದನೇ?

"ಸುಧಾಕರ್‌ನೇ ಪಾಯ್ ಟೇಕ್ಲಾ ಕಾ?"

"ಟೇಕ್ಲಾ," ಎಂದೆ. ಊರಿದರು.

ಭಾವ ನೋಡಿದ್ದರೆ ಹೇಗೂ ನನ್ನ ಗುಟ್ಟು ಬಿಟ್ಟುಕೊಡುತ್ತಾರೆ. ಇಬ್ಬರೂ ಸೋತೆವೆಂದಾದರೆ ನನ್ನೊಬ್ಬನ ಮಾನ ಹೋಗುವುದಿಲ್ಲ — ಲೆಕ್ಕ ಇದ್ದದ್ದು ಅಷ್ಟು. ಕಾಕಾ ಅವರತ್ತ ತಿರುಗಿ ನನ್ನ ಬಗ್ಗೆ ಕೇಳಿದರು. ಭಾವ ನನ್ನ ಮುಖವನ್ನೇ ನೋಡಿದರು.

"ನಾಹೀ," ಎಂದರು. ಇಲ್ಲ, ಊರಲಿಲ್ಲ.

ಆಗಲೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಜನವರಿಯಲ್ಲಿ ಮಾಳ್ಶೇಜ್‌ಗೆ ನಾನು ಹೋದೆ. ಭಾವ ರಜೆಯ ಬೋರ್ಡು ಇಳಿಸಿ ಗಲ್ಲಾದಲ್ಲಿ ನಿಂತರು. ಗುಂಪಿಗೆಲ್ಲ ಇಡ್ಲಿ ಕಟ್ಟಿ ಕಳಿಸಿದರು. ಘಟ್ಟದ ಮೇಲೆ ಕೂತು ನಾನೂ ಅದನ್ನು ತಿಂದೆ. ಆಮೇಲೆ ಅವರು ಸೈಕಲ್ ಮುಟ್ಟಲಿಲ್ಲ. ಮಾತ್ರೆ ಹೋಗಿ ಇಂಜೆಕ್ಷನ್ ಬಂತು. ನಾನು ವಾಶಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಹೋದರೂ ಅಕ್ಕನ ಜೊತೆ ಮಾತಾಡಿ, ಹೋಟೆಲಿನ ಕಡೆ ತಲೆ ಹಾಕದೆ, ಲೋಕಲ್ ರೈಲು ಹಿಡಿಯುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೋಟೆಲಿಗೆ ಹೋದೆ. ಭಾವ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ನನಗೆ ಗೊತ್ತುಂಟು ಮಾರಾಯ. ನೀನು ತಿರುವಿನಲ್ಲಿ ನಿಂತದ್ದನ್ನು ನೋಡಿದ್ದೇನೆ."

ಮತ್ತೆ ಯಾಕೆ ಇಲ್ಲ ಅಂದಿರಿ ಎಂದು ಕೇಳಿದೆ.

"ಹೆಂಡತಿಯ ತಮ್ಮ ಅಲ್ವಾ ನೀನು. ಕಾಕಾನ ಎದುರು ಬಿಟ್ಟುಕೊಡ್ಲಿಕ್ಕೆ ಆಗ್ತದಾ?" ಸೊಪ್ಪಿನ ಕಟ್ಟನ್ನು ಬದಿಗಿಟ್ಟರು. "ಆದರೆ ನನಗೆ ಹೇಳಿ ಎಂತ ಪ್ರಯೋಜನ? ನಾನು ಹತ್ತಿದ್ದು ನನಗೆ ಗೊತ್ತಿಲ್ವಾ. ಕಾಕಾಗೆ ಹೇಳು."

ಸಮಾಧಾನದ ಮಾತು ನಿರೀಕ್ಷಿಸಿದ್ದ ನನಗೆ ಇದು ಚುರುಕ್ಕೆಂದಿತು. ಅಲ್ಲಿಂದಲೇ ಫೋನು ಮಾಡಿದೆ. ಕಾಕಾ ನನ್ನನ್ನು ಬೈಯಲಿಲ್ಲ, ಫೋನನ್ನು ಸುಧಾಕರ್‌ಗೆ ಕೊಡು ಅಂದರು. ಅವರೇನು ಹೇಳಿದರೋ, ಭಾವ ಇಂದಿಗೂ ಬಾಯಿ ಬಿಟ್ಟಿಲ್ಲ. ಕೇಳುತ್ತ ಕೇಳುತ್ತ ಅವರು ಎದ್ದು ನಿಂತದ್ದನ್ನು ಮಾತ್ರ ಕಂಡೆ. ಆ ದಿನ ಡೊಂಬಿವಲಿಗೆ ಮರಳುವಾಗ ನನ್ನ ಎದೆ ಹಗುರವಾಗಿತ್ತು — ಮಾಡಿದ್ದು ಅಳಿಸಿಹೋಯಿತೆಂದಲ್ಲ, ಇನ್ನು ಅದನ್ನು ಮುಚ್ಚಿಡಬೇಕಾಗಿಲ್ಲವಲ್ಲ ಎಂದು.

ಈ ಜನವರಿಯಲ್ಲಿ ಭಾವ ಹೋಟೆಲಿಗೆ ಒಂದು ದಿನ ರಜೆ ಹಾಕಿದರು. ಡಾಕ್ಟರನ್ನು ಕೇಳಿಯೇ ಹೊರಟದ್ದು. ಮಾಳ್ಶೇಜ್‌ನ ಬುಡದಲ್ಲಿ ಕಾರಿನಿಂದ ಸೈಕಲ್ ಇಳಿಸಿಕೊಟ್ಟೆ. ಅವರು ಹತ್ತಿದರು; ಬೇಕೆನಿಸಿದಲ್ಲಿ ನಿಂತು ನೀರು ಕುಡಿದರು, ಮತ್ತೆ ಹತ್ತಿದರು. ಲಾರಿಗಳು ಅವರ ಮೈಮೇಲೆ ಬಾರದಂತೆ ನಾನು ದೀಪ ಮಿನುಗಿಸುತ್ತ ಕಾರನ್ನು ಅವರ ಹಿಂದೆಯೇ ಓಡಿಸಿದೆ. ಕಾಯಿಲೆಯವರನ್ನು ಘಟ್ಟ ಹತ್ತಿಸುತ್ತೀಯಲ್ಲ ಎಂದು ಪಕ್ಕದಲ್ಲಿ ಕೂತ ಅಕ್ಕ ದಾರಿಯುದ್ದಕ್ಕೂ ನನ್ನನ್ನು ಬೈದಳು. ಮೇಲೆ ತಲುಪಿದಾಗ ಭಾವ ಮುಖ ಒರೆಸಿಕೊಂಡು, ನನ್ನ ಕೈಯಿಂದ ಕಾರಿನ ಕೀ ತೆಗೆದುಕೊಂಡರು. ಇಳಿಯುವಾಗ ನಾನು ಸೈಕಲ್ ಮೇಲೆ. ಹಿಂದಿನಿಂದ ಭಾವ ಹಾರ್ನ್ ಹಾಕುತ್ತಲೇ ಬಂದರು.